ನನ್ನ ಕತ್ತು ತಿರುಗಿಸಿದವರು

ನಾನು ಒಂದು ಕ್ಯಾಮೆರಾ. ಮದುವೆಮನೆಯಲ್ಲಿ ಜನರನ್ನು ನಗಿಸಿ ಫೋಟೊ ತೆಗೆಯುವ ಜಾತಿಯದಲ್ಲ, ಕಂಬದ ಮೇಲೆ ಕೂತು ಊರನ್ನು ನೋಡುವ ಜಾತಿ. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ನನಗೆ ಕಣ್ಣು, ಕಿವಿ, ಸುತ್ತಲೂ ತಿರುಗುವ ಕತ್ತು ಎಲ್ಲವನ್ನೂ ಕೊಟ್ಟರು. ಬಾಯಿಯೊಂದನ್ನು ಕೊಡಲಿಲ್ಲ. ಕತ್ತು ನನ್ನದಾದರೂ ತಿರುಗಿಸುವವರು ಬೇರೆ. ಅವರು ಜಿಲ್ಲಾ ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಪರದೆಗಳ ಮುಂದೆ ಕೂತಿರುತ್ತಾರೆ.

ನನ್ನನ್ನು ತಂದು ನಿಲ್ಲಿಸಿದ್ದು ಹತ್ತಿಕೊಪ್ಪದ ಗಿರಣಿಯ ಮುಂದಿನ ಸರ್ಕಲ್ಲಿನಲ್ಲಿ. ಉದ್ಘಾಟನೆಗೆ ಬಂದ ಶಾಸಕರು, "ಇನ್ನ ಇಲ್ಲಿ ಒಂದು ನೊಣ ಹಾರಿದ್ರೂ ಸರ್ಕಾರಕ್ಕ ಗೊತ್ತಾಗತೈತಿ" ಎಂದರು. ನೊಣದ ಮೇಲೆ ಸರ್ಕಾರಕ್ಕೆ ಇಷ್ಟು ಅಕ್ಕರೆಯೇ ಎಂದು ನನಗೆ ಸೋಜಿಗವಾಯಿತು. ಜನ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದರು.

ಅಲ್ಲಿಯವರೆಗೆ ಆ ಸರ್ಕಲ್ಲನ್ನು ಕಾಯುತ್ತಿದ್ದವನು ಮೌಲಾಸಾಬ್ ಎಂಬ ಹೋಮ್‌ಗಾರ್ಡ್. ಬಾಯಲ್ಲಿ ಸೀಟಿ, ಕೈಯಲ್ಲಿ ಲಾಠಿ, ಮಾತು ಒರಟು. ಹತ್ತಿ ತುಂಬಿದ ಲಾರಿಗಳು ಹಿಂದಕ್ಕೆ ಸರಿಯುವಾಗ ಅಡ್ಡ ನಿಂತು ಜನರನ್ನು ದಾಟಿಸುತ್ತಿದ್ದ. ನಾನು ಬಂದ ಮೇಲೆ ಅವನ ಸಂಬಳ ದಂಡವೆಂದು ಮೇಲಿನವರಿಗೆ ಅನ್ನಿಸಿತು. ತೆಗೆದುಹಾಕಿದರು. ಹೋಗುವ ದಿನ ಅವನು ತಲೆಯೆತ್ತಿ, "ನೋಡೂದು ನೀ ನೋಡ್ತಿ. ಸೀಟಿ ಯಾರು ಊದ್ತಾರಪ?" ಎಂದು ನಗುತ್ತಲೇ ಕೇಳಿದ.

ನನ್ನಿಂದ ಒಳ್ಳೆಯದೇ ಆಗಲಿಲ್ಲವೆಂದಲ್ಲ. ಒಬ್ಬ ಮುದುಕಿಯ ಕೊರಳಿನ ಸರ ಕಿತ್ತವನ ಮುಖ ತೋರಿಸಿಕೊಟ್ಟದ್ದು ನಾನೇ. ಸರ ಸಿಕ್ಕಿತು. ಅಂದಿನಿಂದ ಗಿರಣಿಯ ಹೆಂಗಸರಿಗೆ ನನ್ನ ಮೇಲೆ ಎಲ್ಲಿಲ್ಲದ ನಂಬಿಕೆ ಬಂತು. ಆಯುಧಪೂಜೆಗೆ ನನ್ನ ಕಂಬಕ್ಕೂ ಕುಂಕುಮ ಹಚ್ಚಿ ಚೆಂಡುಹೂ ಕಟ್ಟಿದರು. ಗಿರಣಿಯೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಹಾಗಾಗಿ ಕೆಲಸಕ್ಕೆ ಹೋಗುವ ತಾಯಂದಿರು ಸಣ್ಣ ಮಕ್ಕಳನ್ನು ನನ್ನ ಕಂಬದ ಬುಡದಲ್ಲಿ ಕೂರಿಸಿ ಹೋಗುವ ರೂಢಿ ಬೆಳೆಯಿತು.

ದಾನಮ್ಮ ಮಗಳು ಸುಗಲಾಳನ್ನು ದಿನವೂ ಅಲ್ಲಿ ಕೂರಿಸುತ್ತಿದ್ದಳು. "ಎಲ್ಲೂ ಹೋಗಬ್ಯಾಡ. ಮ್ಯಾಲಿಂದ ಪೊಲೀಸರು ನೋಡಾಕತ್ತಿರತಾರ" ಎನ್ನುತ್ತಿದ್ದಳು. ಮಗು ಅದನ್ನು ನಂಬಿತ್ತು. ಚುರುಮುರಿ ತಿನ್ನುವಾಗ ನನ್ನ ಕಡೆ ಪೊಟ್ಟಣ ಎತ್ತಿ, "ಸಾಹೇಬ್ರ, ಬೇಕೇನ್ರಿ?" ಎಂದು ಕೇಳುತ್ತಿತ್ತು. ನನಗೆ ಆ ಮಗುವನ್ನು ಕಂಡರೆ ಬಹಳ ಇಷ್ಟ.

ಒಂದು ದಿನ ಲಾರಿಯೊಂದು ಹಿಂದಕ್ಕೆ ಬಂದು ನನ್ನ ಕಂಬಕ್ಕೇ ಗುದ್ದಿತು. ಮಕ್ಕಳು ಕೂದಲೆಳೆಯಲ್ಲಿ ಪಾರಾದರು. ಹೆಂಗಸರು ಠಾಣೆಗೆ ಹೋಗಿ, ಮೌಲಾಸಾಬನನ್ನು ವಾಪಸು ಕಳಿಸಿ ಎಂದು ಕೇಳಿಕೊಂಡರು. ಹಣವಿಲ್ಲ ಎಂಬ ಉತ್ತರ ಬಂತು. ಮರುದಿನ ಊಟದ ಬಿಡುವಿನಲ್ಲಿ ಎಲ್ಲರೂ ರಸ್ತೆಯಾಚೆಯ ಗೇಟಿನ ಮುಂದೆ ಸೇರಿ ಕೂಗತೊಡಗಿದರು. ಬಿಡಲು ಬೇರೆ ಜಾಗವಿಲ್ಲದೆ ಮಕ್ಕಳು ಅಂದೂ ನನ್ನ ಕಂಬದ ಬುಡದಲ್ಲೇ ಇದ್ದರು.

ಗುಂಪು ಸೇರಿತೆಂದರೆ ತಣ್ಣನೆಯ ಕೋಣೆಗೆ ಬಿಸಿ ಹತ್ತುತ್ತದೆ. ನನ್ನ ಕತ್ತನ್ನು ಗೇಟಿನತ್ತ ತಿರುಗಿಸಿದರು. ಒಬ್ಬೊಬ್ಬರ ಮುಖವನ್ನೂ ಹತ್ತಿರಕ್ಕೆ ಎಳೆದುಕೊಂಡರು. ಎಲ್ಲರಿಗಿಂತ ಮುಂದೆ ದಾನಮ್ಮ ನಿಂತಿದ್ದಳು.

"ಕ್ಯಾಮೆರಾ ಬ್ಯಾಡ ಅನ್ನೂದಿಲ್ರಿ ನಾವು. ಒಬ್ಬ ಮನಶ್ಯಾ ಬೇಕ್ರಿ! ಲಾರಿ ಬಂದ್ರ ಕೂಸಿನ ರಟ್ಟಿ ಹಿಡದು ಎಳಿಯಾಕ ಒಬ್ಬ ಮನಶ್ಯಾ..."

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಲಾರಿ ಸರಿಯುವ ಸದ್ದಾಯಿತು. "ಅವ್ವಾ" ಎಂದಿತು ಮಗು, ಒಂದೇ ಸಲ. ನನ್ನ ಕತ್ತನ್ನು ಯಾರೂ ತಿರುಗಿಸಲಿಲ್ಲ. ನಾನು ಕಂಡದ್ದು ದಾನಮ್ಮನ ಮುಖವನ್ನು ಮಾತ್ರ. ಆಡುತ್ತಿದ್ದ ಮಾತು ಬಾಯಲ್ಲೇ ನಿಂತಿತು. ಆಮೇಲೆ ಅವಳು ನನ್ನ ಕಡೆಗೇ ಓಡಿಬಂದಳು. ಮುಖ ದೊಡ್ಡದಾಗುತ್ತ, ದೊಡ್ಡದಾಗುತ್ತ ಬಂದು ನನ್ನ ಕಣ್ಣಿನ ಕೆಳಗೆ ಮರೆಯಾಯಿತು.

ಲಾರಿ ಸಿಗಲೇ ಇಲ್ಲ. ಅದರ ನಂಬರು ನನ್ನಲ್ಲಿರಲಿಲ್ಲ. ಇದ್ದದ್ದು ಕೂಗುತ್ತಿದ್ದ ಹೆಂಗಸರ ಮುಖಗಳು. ಅವರನ್ನೇ ಒಬ್ಬೊಬ್ಬರನ್ನಾಗಿ ಠಾಣೆಗೆ ಕರೆದು ವಿಚಾರಿಸಿದರು. ಕ್ಯಾಮೆರಾ ಸಾಲದೆ ಹೀಗಾಯಿತೆಂದು ಸರ್ಕಲ್ಲಿಗೆ ಇನ್ನಷ್ಟು ಕ್ಯಾಮೆರಾ ಮಂಜೂರಾದವು. ಮೌಲಾಸಾಬ್ ಮಾತ್ರ ಬರಲಿಲ್ಲ.

ವರ್ಷಗಳ ಮೇಲೆ ನನ್ನ ಕಣ್ಣು ಮಂಜಾಯಿತು. ಕೆಳಗಿಳಿಸಲು ಬಂದ ಮೆಕ್ಯಾನಿಕ್ಕನ ಬಳಿ ದಾನಮ್ಮ ಬಂದು ನಿಂತಳು. ತಲೆ ಪೂರ್ತಿ ನೆರೆತಿತ್ತು.

"ಯಪ್ಪಾ, ನನ್ನ ಮಗಳದು ಒಂದು ಫೋಟೊನೂ ಇಲ್ಲ. ಇದರಾಗ ಎಲ್ಲೆರ ಅದಾಳೇನು?"

ಅವನು ಪಾಪದವನು. ಮೆತ್ತಗೆ ಹೇಳಿದ: "ಏನೂ ನಡೀದ ದಿನದ್ದು ಯಾರೂ ಇಟ್ಕೊಳ್ಳೂದಿಲ್ಲಬೇ. ತಾನ ಅಳಿಸಿ ಹೋಗತೈತಿ. ಆ ಗಲಾಟಿ ದಿನದ್ದು ಅಷ್ಟ ಆಫೀಸಿನ್ಯಾಗ ತಗದಿಟ್ಟಾರ. ಅದರಾಗ ನೀ ಅದೀ."

ದಾನಮ್ಮ ಸೆರಗಿನಿಂದ ನನ್ನ ಗಾಜಿನ ಧೂಳು ಒರೆಸಿ, ಅದರೊಳಗೆ ಬಹಳ ಹೊತ್ತು ಹುಡುಕಿದಳು.

ಈಗ ಠಾಣೆಯ ಹಿಂದಿನ ಕೋಣೆಯಲ್ಲಿ, ಜಪ್ತಿ ಮಾಡಿದ ಸೈಕಲ್ಲುಗಳ ನಡುವೆ ಬಿದ್ದಿದ್ದೇನೆ. ವೈರು ಕಿತ್ತು ಹಾಕಿದ್ದಾರೆ. ಆದರೂ ಬಾಗಿಲು ತೆರೆದು ಬೆಳಕು ಬಿದ್ದಾಗೆಲ್ಲ ಆ ಮುಖ ನನ್ನತ್ತ ಓಡಿಬರುತ್ತದೆ, ನನಗೆ ಭಯವಾಗುತ್ತದೆ. ಮೆಕ್ಯಾನಿಕ್ಕನ ಮಾತೂ ನನ್ನನ್ನು ಬಿಟ್ಟಿಲ್ಲ. ಏನೂ ನಡೆಯದ ದಿನವೆಂದರೆ ಸುಗಲಾ ಬದುಕಿದ್ದ ದಿನ. ನನ್ನನ್ನು ಕೊಂಡು ತಂದದ್ದೇ ಅಂಥ ದಿನಗಳಿಗಾಗಿ ಎಂದು ನಾನು ತಿಳಿದಿದ್ದೆ.