ಎಲ್ಲಾ ಬಂದ್ರಾ ಮೇಡಂ

"ಬೀಗ ಹಾಕು ಅಂತ ಹೇಳಿದ್ಯಾರು?"

ವಿಭಾಗದ ಮುಖ್ಯಸ್ಥರು ಯಾರ ಮುಖವನ್ನೂ ನೋಡದೆ, ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ವಿಚಾರಿಸುವವರಂತೆ ಕೇಳಿದರು. ಎದುರಿಗೆ ಗ್ರಂಥಾಲಯದಲ್ಲಿ ಕೆಲಸ ಮಾಡುವ ತಾಯಿ, ಎಂಟು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒದ್ದೆಯಾಗಿದ್ದ ಫ್ರಾಕು ಕಾಣದ ಹಾಗೆ ಕೈಚೀಲವನ್ನು ಅಡ್ಡ ಹಿಡಿದಿದ್ದಳು. ಬಾಗಿಲ ಬಳಿ ಕೀಲಿ ತಾತ ನಿಂತಿದ್ದರು. ಕಿಟಕಿಯ ಪಕ್ಕದಲ್ಲಿ ಜೇನಕ್ಕ.

"ನಾನು ಇನ್ನೂ ಎಣಿಸ್ತಾ ಇದ್ದೆ ಸಾರ್," ಎಂದಳು ಜೇನಕ್ಕ. "ಅಷ್ಟರಲ್ಲಿ ಬೀಗ ಹಾಕಿಬಿಟ್ಟಿದ್ರು."

ಎಷ್ಟು ಸಲೀಸಾಗಿ ಬಂತು ಅಂದರೆ, ಹೇಳಿದ್ದು ತಾನೇನಾ ಎಂದು ಅವಳಿಗೇ ಅನುಮಾನವಾಯಿತು. ತಾತ ಈಗ ಬಾಯಿ ಬಿಡುತ್ತಾರೆ, ಈಗ "ಇಲ್ಲ ಸಾರ್" ಅನ್ನುತ್ತಾರೆ ಎಂದು ಕಾದಳು. ತಾತ ಅವಳ ಕಡೆ ಒಮ್ಮೆ ನೋಡಿದರು. ಬಾಯಿ ಅರ್ಧ ತೆರೆಯಿತು, ಮುಚ್ಚಿತು. ಆಮೇಲೆ ತಲೆ ತಗ್ಗಿಸಿದರು. ಅವಳನ್ನೇ ನೋಡುತ್ತಿದ್ದ ಇನ್ನೊಂದು ಜೊತೆ ಕಣ್ಣು ಮಾತ್ರ ಕದಲಲಿಲ್ಲ. ಅದು ತಾಯಿಯ ತೊಡೆಯ ಮೇಲಿದ್ದ ಹುಡುಗಿಯದು.

ಆಗಿದ್ದು ಇಷ್ಟು. ಆ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಜೇನಕ್ಕ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಗೊತ್ತಲ್ಲ, ಯಾವಾಗ ಎದ್ದು ಹೋಗಿ ಅನ್ನುತ್ತಾರೋ ಎಂದು ಪ್ರತಿ ವರ್ಷ ಕುರ್ಚಿಯ ತುದಿಯಲ್ಲೇ ಕೂತಿರುವವರು. ಆರು ವರ್ಷದಿಂದ ಹಾಗೆ ಕೂತು ಕೂತು ಸಾಕಾಗಿ, ಈ ಬೇಸಿಗೆ ರಜೆಯಲ್ಲಿ ಕ್ಯಾಂಪಸ್ಸಿನ ಮಕ್ಕಳಿಗೆ ಹಗಲು ಶಿಬಿರ ಮಾಡುತ್ತೇನೆ ಎಂದು ತಾನೇ ಮುಂದೆ ಬಿದ್ದು ಹೇಳಿದ್ದಳು. ಖಾಲಿ ಬಿದ್ದ ತರಗತಿ, ಖಾಲಿ ಬಿದ್ದ ಮೈದಾನ, ಇಪ್ಪತ್ತಾರು ಮಕ್ಕಳು. ಶಿಬಿರ ಚೆನ್ನಾಗಿ ನಡೆದರೆ ಮುಂದಿನ ವರ್ಷದ ಪಟ್ಟಿಯಲ್ಲಿ ತನ್ನ ಹೆಸರು ಗಟ್ಟಿ ಎಂಬ ಲೆಕ್ಕಾಚಾರ ಅವಳಿಗೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಾಗಂತ ಮಕ್ಕಳ ಮೇಲಿನ ಪ್ರೀತಿಯೂ ಸುಳ್ಳಲ್ಲ.

ಶಿಬಿರದೊಳಗೆ ಯಾರಿಗೂ ಮನೆಯ ಹೆಸರಿಲ್ಲ ಎಂಬ ನಿಯಮ ಮಾಡಿದವಳೂ ಅವಳೇ. ಪ್ರೊಫೆಸರರ ಮಗನೂ ಗೇಟು ಕಾಯುವವರ ಮಗಳೂ ಒಂದೇ ಆಗಲಿ ಎಂದು ಎಲ್ಲರಿಗೂ ಒಂದೊಂದು ಪ್ರಾಣಿಯ ಹೆಸರಿಟ್ಟು, ರಟ್ಟಿನ ಬಿಲ್ಲೆಯ ಮೇಲೆ ಚಿತ್ರ ಬರೆದು ಕೊರಳಿಗೆ ಹಾಕಿದ್ದಳು. ತನಗೆ ಜೇನು ಎಂದು ಇಟ್ಟುಕೊಂಡಳು, ಮಕ್ಕಳು ಜೇನಕ್ಕ ಮಾಡಿದರು. ವಿಭಾಗದ ಮ್ಯೂಸಿಯಂ ನೋಡಿಕೊಳ್ಳುವ ಅಟೆಂಡರಿಗೆ ಅವಳು ಏನೂ ಇಟ್ಟಿರಲಿಲ್ಲ. ಸೊಂಟದ ಗೊಂಚಲು ನೋಡಿ ಮಕ್ಕಳೇ ಕೀಲಿ ತಾತ ಎಂದು ಕರೆದರು. ಮೂವತ್ತೊಂದು ವರ್ಷದಿಂದ ಆ ಮ್ಯೂಸಿಯಂ ಅವರ ಕೈಯಲ್ಲಿತ್ತು. ಕುದುರೆಯ ಅಸ್ಥಿಪಂಜರದ ಒಂದೊಂದು ಎಲುಬನ್ನೂ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸುತ್ತ, "ಇವನಿಗೆ ಸೊಂಟ ನೋವು, ಮುಟ್ಟಬೇಡಿ," ಎಂದು ಮಕ್ಕಳಿಗೆ ಹೇಳುತ್ತಿದ್ದರು. ಅವರು ನಿವೃತ್ತರಾಗುವುದಕ್ಕೆ ಇನ್ನು ಎಂಟು ತಿಂಗಳಿತ್ತು.

ಆ ಮಧ್ಯಾಹ್ನದ ಪಾಠ, ಪ್ರಾಣಿಗಳು ಅಡಗಿಕೊಳ್ಳುವುದು ಹೇಗೆ ಎಂಬುದು. ಪಾಠ ಅಂದರೆ ಆಟವೇ. ಮಕ್ಕಳು ಮ್ಯೂಸಿಯಂನಲ್ಲಿ ಅಲ್ಲಲ್ಲಿ ಅಡಗಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಜೇನಕ್ಕ ಹುಡುಕಿ ಹೆಸರು ಕರೆದಾಗ ಮಾತ್ರ ಹೊರಗೆ ಬಂದು, ಬಿಲ್ಲೆಯನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕಿ ಹೋಗಬೇಕು. ಹೆಸರು ಕರೆಯದೆ ಬಂದವರು ಔಟ್. ಕೊನೆಯವರೆಗೆ ಸಿಗದವರೇ ಗೆದ್ದವರು.

ಮಿಂಚುಳ್ಳಿ ಎಂಬ ಹೆಸರಿನ ಹುಡುಗಿಗೆ ಗೆಲ್ಲಲೇಬೇಕಿತ್ತು. ಅವಳು ತನ್ನ ಬಿಲ್ಲೆಯನ್ನು ಗೆಳತಿ ಅಳಿಲಿನ ಕೈಗೆ ಕೊಟ್ಟು, "ನಿಂದು ಹಾಕೋವಾಗ ನಂದೂ ಹಾಕ್ಬಿಡು, ಆಮೇಲೆ ಅಕ್ಕ ನನ್ನ ಹುಡುಕೋದೇ ಇಲ್ಲ," ಎಂದು ಹೇಳಿ ಕುದುರೆಯ ಹಿಂದಿನ ಬೀರುವಿನ ಸಂದಿಗೆ ಸೇರಿಕೊಂಡಳು. ಅಳಿಲು ಹೇಳಿದ ಹಾಗೇ ಎರಡು ಬಿಲ್ಲೆ ಹಾಕಿ, ಕರೆಯಲು ಬಂದ ಅಣ್ಣನ ಜೊತೆ ಕುಣಿಯುತ್ತ ಮನೆಗೆ ಹೋದಳು. ಜೇನಕ್ಕ ಡಬ್ಬಿ ಬಗ್ಗಿಸಿ ಎಣಿಸಿದಳು. ಇಪ್ಪತ್ತಾರು. ಮಕ್ಕಳು ಆಗಲೇ ಮೈದಾನದ ತುಂಬ ಚೆಲ್ಲಾಪಿಲ್ಲಿ. ತಲೆ ಎಣಿಸುವುದೆಲ್ಲಿ ಬಂತು?

"ಎಲ್ಲಾ ಬಂದ್ರಾ ಮೇಡಂ?" ಎಂದು ತಾತ ಕೇಳಿದರು. ದಿನವೂ ಕೇಳುತ್ತಿದ್ದರು.

"ಎಲ್ಲಾ ಬಂದ್ರು, ಬೀಗ ಹಾಕಿ."

ತಾತ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದರು. ಎರಡು ಗಂಟೆಯಾದ ಮೇಲೆ ತಾಯಿ ಗ್ರಂಥಾಲಯದಿಂದ ಮನೆಗೆ ಹೋಗಿ ನೋಡಿದರೆ ಮಗಳಿಲ್ಲ. ಅಳಿಲಿನ ಮನೆಗೆ ಓಡಿದಳು, ಅಲ್ಲಿಂದ ಮ್ಯೂಸಿಯಂಗೆ. ಬಾಗಿಲು ತೆಗೆದಾಗ ಹುಡುಗಿ ಬೀರುವಿನ ಸಂದಿಯಲ್ಲೇ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು.

"ನನ್ನ ಹೆಸರು ಕರೀಲೇ ಇಲ್ಲ," ಎಂದಳು.

ಮುಖ್ಯಸ್ಥರ ಕೋಣೆಯಿಂದ ಮನೆಗೆ ಹೋಗುವಾಗ ಜೇನಕ್ಕ ದಾರಿಯುದ್ದಕ್ಕೂ ತನ್ನ ಪರವಾಗಿ ತಾನೇ ವಾದ ಮಾಡಿದಳು. ತಾತನದು ಕಾಯಂ ನೌಕರಿ, ಅವರನ್ನು ಯಾರೂ ಏನೂ ಮಾಡಲಾರರು. ನನ್ನದಾದರೆ ಒಂದು ಫೋನಿನಲ್ಲಿ ಮುಗಿಯುತ್ತದೆ. ಒಳಗೆ ಒಮ್ಮೆ ಕಣ್ಣಾಡಿಸಿ ಬೀಗ ಹಾಕಬಾರದಿತ್ತೇ? ಈ ಕೊನೆಯ ವಾದ ಅವಳಿಗೆ ಎಷ್ಟು ಹಿಡಿಸಿತು ಅಂದರೆ, ಮನೆ ಸೇರುವ ಹೊತ್ತಿಗೆ ಅದನ್ನು ಮುಕ್ಕಾಲು ಪಾಲು ನಂಬಿಯೂ ಬಿಟ್ಟಿದ್ದಳು. ಊಟಕ್ಕೆ ಕೂತಾಗ ಅವಳ ತಾಯಿ, "ಯಾಕೇ, ಮುಖ ಯಾಕೆ ಹಾಗಿಟ್ಕೊಂಡಿದ್ದೀಯ?" ಎಂದು ಕೇಳಿದಳು. "ಬಿಸಿಲು ಅಮ್ಮಾ," ಅಂದಳು. ಅದು ಆ ದಿನದ ಎರಡನೇ ಸುಳ್ಳು.

ಮರುದಿನ ಮ್ಯೂಸಿಯಂ ಬಾಗಿಲಲ್ಲಿ ಒಬ್ಬ ಹೊಸ ಅಟೆಂಡರ್ ಮೊಬೈಲು ನೋಡುತ್ತ ಕೂತಿದ್ದ. ತಾತನನ್ನು ಪರೀಕ್ಷಾ ವಿಭಾಗದ ಗೋದಾಮಿಗೆ, ಹಳೆಯ ಉತ್ತರಪತ್ರಿಕೆ ಕಟ್ಟುವ ಕೆಲಸಕ್ಕೆ ಹಾಕಿದ್ದರು. ಕೀಲಿ ಗೊಂಚಲು ವಾಪಸು ತೆಗೆದುಕೊಂಡಿದ್ದರು. "ಕೀಲಿ ತಾತ ಎಲ್ಲಿ?" ಎಂದು ಮಕ್ಕಳು ಒಬ್ಬರಾದ ಮೇಲೊಬ್ಬರು ಕೇಳಿದರು. "ಬೇರೆ ಕಡೆ ಕೆಲಸ ಇದೆ," ಎಂದು ಜೇನಕ್ಕ ಇಪ್ಪತ್ತೈದು ಸಲ ಹೇಳಿದಳು. ಮಿಂಚುಳ್ಳಿ ಬಂದಿರಲಿಲ್ಲ.

ಅವಳು ಬಂದದ್ದು ಮೂರನೇ ದಿನ. ಬರುವುದಿಲ್ಲ ಅಂದುಕೊಂಡಿದ್ದ ಜೇನಕ್ಕ ಅವಳನ್ನು ಕಂಡು ಓಡಿಹೋಗಿ ತಬ್ಬಿಕೊಂಡಳು. ಹುಡುಗಿ ತಬ್ಬಿಸಿಕೊಂಡಳು, ಅಷ್ಟೆ. ಚಿತ್ರ ಬರೆಯುವ ಹೊತ್ತಿಗೆ ಬಣ್ಣದ ಪೆನ್ಸಿಲು ಚೂಪು ಮಾಡಿಸುವ ನೆವದಲ್ಲಿ ಹತ್ತಿರ ಬಂದು ನಿಂತಳು.

"ಜೇನಕ್ಕ, ನಾನು ಯಾರಿಗೂ ಹೇಳಿಲ್ಲ."

"ಏನನ್ನ ಪುಟ್ಟಾ?"

"ಬೀಗ ಹಾಕಿ ಅಂತ ನೀವು ಹೇಳಿದ್ದು. ನಾನು ಒಳಗಿಂದ ಕೇಳಿಸ್ಕೊಂಡೆ."

ಪೆನ್ಸಿಲಿನ ಮೊನೆ ಪಟಕ್ಕನೆ ಮುರಿಯಿತು. ಜೇನಕ್ಕ ತಲೆ ಎತ್ತಲಿಲ್ಲ.

"ಅಮ್ಮ ಕೇಳಿದ್ಳು, ತಾತ ಬೀಗ ಹಾಕೋವಾಗ ಯಾರಾದ್ರೂ ಏನಾದ್ರೂ ಅಂದ್ರಾ ಅಂತ. ನಿದ್ದೆ ಬಂದುಬಿಟ್ಟಿತ್ತು, ಏನೂ ಕೇಳಿಸ್ಲಿಲ್ಲ ಅಂದೆ." ಹುಡುಗಿ ದನಿ ಇನ್ನಷ್ಟು ತಗ್ಗಿಸಿದಳು. "ಇಲ್ಲಾಂದ್ರೆ ನಿಮಗೆ ಬಯ್ತಾರಲ್ವಾ? ನೀವು ಪಾಪ."

ಪಾಪ ಎಂಬ ಆ ಎರಡಕ್ಷರ ಕೇಳಿ ಜೇನಕ್ಕನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಎರಡು ಗಂಟೆ ಕತ್ತಲಲ್ಲಿ ನಿಂತ ಮಗು, ನಿಲ್ಲಿಸಿದವಳನ್ನು ಕಾಪಾಡಲು ಹೆತ್ತತಾಯಿಗೇ ಸುಳ್ಳು ಹೇಳಿ ಬಂದಿದೆ. ಹೇಳಿಕೊಟ್ಟವರು ಯಾರು? ಅವಳು ಪೆನ್ಸಿಲನ್ನು ಮತ್ತೆ ಚೂಪು ಮಾಡಿ ಕೊಟ್ಟಳು. "ಥ್ಯಾಂಕ್ಯೂ ಅಕ್ಕಾ," ಎಂದು ಹುಡುಗಿ ತನ್ನ ಜಾಗಕ್ಕೆ ಹೋಗಿ ಬಣ್ಣ ತುಂಬಲು ಕೂತಳು.

ಅವತ್ತೇ ಮಧ್ಯಾಹ್ನ ಜೇನಕ್ಕ ಮುಖ್ಯಸ್ಥರ ಕೋಣೆಗೆ ಹೋದಳು. "ಸಾರ್, ಕೀಲಿ ತಾತನ ವಿಷಯ," ಎಂದು ಶುರು ಮಾಡಿದಳು. "ಅವತ್ತು ಅವರದು ಅಷ್ಟೇನೂ... ಅಂದ್ರೆ ನನ್ನ ಕಡೆಯಿಂದಾನೂ..."

"ಈಗ ಅದನ್ನ ಮತ್ತೆ ಯಾಕಮ್ಮ ಕೆದಕ್ತೀರಿ?" ಎಂದರು ಮುಖ್ಯಸ್ಥರು. "ಅವರೇ ಒಪ್ಪಿಕೊಂಡು ಬರೆದುಕೊಟ್ಟಿದ್ದಾರೆ. ನೋಡಿ ಬೇಕಾದ್ರೆ."

ಫೈಲಿನಲ್ಲಿದ್ದ ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಮೇಡಂ ಅವರು ಮಕ್ಕಳನ್ನು ಎಣಿಸುವ ಮುಂಚೆಯೇ ನಾನು ಬೀಗ ಹಾಕಿರುತ್ತೇನೆ ಎಂದು ತಾತ ದುಂಡನೆಯ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿದ್ದರು. "ಆ ತಾಯಿಗೂ ಸಮಾಧಾನ ಆಗಿದೆ. ಮುಂದಿನ ವರ್ಷದ ಶಿಬಿರಾನೂ ನೀವೇ ನೋಡ್ಕೊಳ್ಳಿ. ಹೋಗಿ, ಮಕ್ಕಳು ಕಾಯ್ತಿರ್ತಾರೆ."

ಅವರು ಮಾತು ತಡೆದದ್ದು ಅವಳಿಗೆ ಹಾಯೆನಿಸಿತು. ಹೇಳಲು ಹೋಗಿದ್ದೆನಲ್ಲ, ಅವರೇ ಬಿಡಲಿಲ್ಲ ಎಂದುಕೊಂಡು ಕಾರಿಡಾರಿನ ಅರ್ಧದವರೆಗೂ ನಡೆದಳು. ಅಲ್ಲಿ ಹಾಗೇ ನಿಂತಳು. ತಾನು ಎಂಥವಳು ಎಂದು ಅವಳಿಗೆ ಅಷ್ಟು ಚೆನ್ನಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ. ತಾತ ನನ್ನನ್ನು ಉಳಿಸಲೆಂದೇ ಹಾಗೆ ಬರೆದಿದ್ದಾರೆ, ದೊಡ್ಡ ಮನಸ್ಸು. ಹೋಗಿ ಕಾಲಿಗೆ ಬಿದ್ದುಬಿಡೋಣ, ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಹೀಗೆಂದುಕೊಂಡು ಪರೀಕ್ಷಾ ವಿಭಾಗದ ಕಡೆ ತಿರುಗಿದಳು.

ಗೋದಾಮು ಅಂದರೆ ಬೇರೆ ಕೋಣೆಯೇನಲ್ಲ. ಕಚೇರಿಯ ಹಿಂಭಾಗವನ್ನೇ ಎದೆಮಟ್ಟದ ಗೋಡೆ ಕಟ್ಟಿ ಬೇರೆ ಮಾಡಿದ್ದರು. ಗೋಡೆಯ ಆ ಕಡೆ ಮೂರು ಜನ ಗುಮಾಸ್ತರು ಟೈಪು ಮಾಡುತ್ತಿದ್ದರು. ಈ ಕಡೆ ಸೂರಿನವರೆಗೂ ಉತ್ತರಪತ್ರಿಕೆಯ ಕಟ್ಟುಗಳು. ನಡುವೆ ತಾತ ನೆಲದ ಮೇಲೆ ಕೂತು ಹುರಿಯಿಂದ ಕಟ್ಟು ಬಿಗಿಯುತ್ತಿದ್ದರು. ಅವಳನ್ನು ಕಂಡು ಗೋಡೆ ಹಿಡಿದುಕೊಂಡು ಎದ್ದರು.

"ಬನ್ನಿ ಮೇಡಂ. ಆ ಮಗು ಬಂತಾ?"

"ಇವತ್ತು ಬಂದ್ಳು."

"ಹೆದರಿಕೆ ಗಿದರಿಕೆ ಏನೂ ಇಲ್ವಲ್ಲ?"

"ಇಲ್ಲ. ತಾತ, ಯಾಕೆ ಹಾಗೆ ಬರೆದುಕೊಟ್ರಿ?"

"ಮತ್ತೇನ್ ಬರೀಲಿ?" ತಾತ ಹುರಿಯ ಉಂಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ನನಗೇನೋ ನೀವು 'ಎಲ್ಲಾ ಬಂದ್ರು, ಬೀಗ ಹಾಕಿ' ಅಂದ ಹಾಗೇ ಕೇಳಿಸ್ತು. ಸಾರ್ ಕೇಳಿದಾಗ ಅದನ್ನೇ ಹೇಳೋಣ ಅಂತ ಬಾಯಿ ತೆಗೆದೆ. ಆದ್ರೆ ನೀವು ಎಣಿಸ್ತಾ ಇದ್ದೆ ಅಂದ್ರಲ್ಲ. ನೀವು ಯಾಕೆ ಇಲ್ಲದ್ದು ಹೇಳ್ತೀರಿ? 'ಇನ್ನೂ ಬರಬೇಕು, ಆಮೇಲೆ ಹಾಕಿ' ಅಂದಿರ್ತೀರಿ. ನನಗೇ ತಪ್ಪಾಗಿ ಕೇಳಿಸಿದೆ."

ತಾತ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಟೀವಿ ಜೋರಾಗಿ ಇಡ್ತೀರಿ ಮಾವ ಅಂತ ಸೊಸೆ ಎಷ್ಟು ದಿನದಿಂದ ಹೇಳ್ತಿದ್ಳು. ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ನಿನ್ನೆ ಹೋಗಿ ತೋರಿಸ್ಕೊಂಡು ಬಂದೆ. ಬಲಗಡೆದು ಪರವಾಗಿಲ್ಲ, ಎಡಗಡೆದು ಸ್ವಲ್ಪ ಮಂದ ಅಂದ್ರು ಡಾಕ್ಟ್ರು. ಅವತ್ತು ನೀವು ನನ್ನ ಯಾವ ಕಡೆ ನಿಂತಿದ್ರಿ ಅಂತ ಆವಾಗಿನಿಂದ ಯೋಚಿಸ್ತಾ ಇದ್ದೀನಿ. ಎಷ್ಟು ಯೋಚಿಸಿದ್ರೂ ಜ್ಞಾಪಕಕ್ಕೆ ಬರ್ತಿಲ್ಲ." ತಾತ ನಗಲು ನೋಡಿದರು, ಆಗಲಿಲ್ಲ. "ಕೆಲಸ ಎಲ್ಲಿ ಹಾಕಿದ್ರೇನು ಮೇಡಂ, ಅದಕ್ಕೇನಿಲ್ಲ. ಒಂದು ಕೂಸನ್ನ ಒಳಗೆ ಬಿಟ್ಟು ಬೀಗ ಜಡಿದೆನಲ್ಲ ನನ್ನ ಕೈಯಾರೆ. ಮನೇಲಿ ಮೊಮ್ಮಗೂನ ಎತ್ಕೊಳ್ಳೋಕೂ ಭಯ ಆಗ್ತದೆ. ಅದು ಅತ್ರೆ ನನಗೆ ಕೇಳಿಸದೇ ಹೋದ್ರೆ?"

ಕಾಲಿಗೆ ಬೀಳಬೇಕೆಂದು ಬಂದವಳು ಬೀಳಲಿಲ್ಲ. ಬಿದ್ದರೆ ತಾತ ಎಬ್ಬಿಸಿ ಸಮಾಧಾನ ಹೇಳುತ್ತಾರೆ, ಅದೂ ತನಗೇ ಲಾಭ. ಸುಮ್ಮನೆ ತಿರುಗಿ ಹೋಗಿಬಿಡಬಹುದಿತ್ತು. ಈ ಮನುಷ್ಯ ಯಾರ ಹತ್ತಿರವೂ ಬಾಯಿ ಬಿಡುವವರಲ್ಲ, ತನ್ನ ಮೇಲೆ ಅನುಮಾನವೇ ಇಲ್ಲ. ಅವಳು ಒಂದು ಹೆಜ್ಜೆ ಹಿಂದಕ್ಕೆ ಇಟ್ಟದ್ದೂ ನಿಜ. ಕಟ್ಟೊಂದು ಬೆನ್ನಿಗೆ ತಾಗಿತು.

"ಬಲಗಡೆ ನಿಂತಿದ್ದೆ ತಾತ," ಎಂದಳು. "ನಿಮಗೆ ಸರಿಯಾಗೇ ಕೇಳಿಸಿದೆ. ಎಲ್ಲಾ ಬಂದ್ರು, ಬೀಗ ಹಾಕಿ ಅಂತಾನೇ ನಾನು ಅಂದಿದ್ದು. ಸಾರ್ ಮುಂದೆ ಸುಳ್ಳು ಹೇಳಿದೆ."

ತಾತ ಅವಳ ಮುಖವನ್ನೇ ನೋಡುತ್ತ ನಿಂತರು. ಕೈಯಲ್ಲಿದ್ದ ಹುರಿಯ ಉಂಡೆಯನ್ನು ಬಗ್ಗಿ ನೆಲದ ಮೇಲೆ ಇಟ್ಟರು. ನಿಧಾನವಾಗಿ ಪಕ್ಕಕ್ಕೆ ಸರಿದು, ಬಲಗಿವಿ ಅವಳ ಕಡೆಗೆ ಬರುವಂತೆ ತಿರುಗಿದರು.

"ಸರಿಯಾಗಿ ಕೇಳಿಸ್ಲಿಲ್ಲ ಮೇಡಂ," ಎಂದರು. "ಸ್ವಲ್ಪ ಜೋರಾಗಿ ಹೇಳಿ."

ನಿಜವಾಗಿ ಕೇಳಿಸಿರಲಿಲ್ಲವೋ ಏನೋ, ಅವರ ಮುಖದಿಂದ ಅವಳಿಗೆ ಗೊತ್ತಾಗಲಿಲ್ಲ. ಅವಳು ಮತ್ತೆ ಮೊದಲಿನಿಂದ, ಜೋರಾಗಿ ಹೇಳಿದಳು. ಗೋಡೆಯ ಆ ಕಡೆ ಟೈಪು ಮಾಡುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ತಾತ ಇನ್ನೂ ಬಲಗಿವಿಯನ್ನು ಅವಳ ಕಡೆಗೇ ಕೊಟ್ಟು ನಿಂತಿದ್ದರು.