ಖಾಯಂ ಕೆಲಸಕ್ಕೆ ಬೇಕಾದ ಉಸಿರು

“ಏಯ್, ಕುರ್ಚಿ ಬಿಟ್ಟು ಏಳೇ! ಇಂಟರ್‌ವ್ಯೂಗೆ ಬಂದೋರು ನಿಂತಿದ್ದಾರೆ, ಇವಳು ಮಹಾರಾಣಿ ಥರ ಕೂತಿದ್ದಾಳೆ.”

ಗುತ್ತಿಗೆದಾರನ ಮೇಸ್ತ್ರಿ ಕಿರುಚಿದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಲಿಯಕ್ಕ ಏಳಲಿಲ್ಲ.

“ನಾನೂ ಅದಕ್ಕೇ ಬಂದಿರೋದು ಮೇಸ್ತ್ರಿ.”

“ಇಲಿ ಹೇಲು ಬಳಿಯೋಳಿಗೆ ಇಂಟರ್‌ವ್ಯೂ ಬೇರೆ ಕೇಡು!”

“ಬಳಿಯೋ ಕೆಲ್ಸಕ್ಕೇ ತಾನೆ ಕರೆದಿರೋದು?”

ಅದು ನಿಜ. ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ರೋಗಗಳ ಸಂಶೋಧನೆಗೆಂದು ರಾಶಿ ರಾಶಿ ಇಲಿ ಸಾಕಿದ್ದರು. ಪಂಜರ ತೊಳೆದು ಹೊಸ ಮರದ ಹೊಟ್ಟು ಹಾಸುವ ಕೆಲಸವನ್ನು ಅವಳು ಮದುವೆಯಾದ ಹೊಸದರಿಂದ ಗುತ್ತಿಗೆಯ ಮೇಲೆ ಮಾಡಿಕೊಂಡು ಬಂದಿದ್ದಳು; ಅದರಿಂದಲೇ ಎಲ್ಲರ ಬಾಯಲ್ಲೂ ಇಲಿಯಕ್ಕ ಆಗಿದ್ದಳು. ಈಗ ಮಗಳೇ ಮದುವೆಯ ವಯಸ್ಸಿಗೆ ಬಂದಿದ್ದಳು. ಅದೇ ಕೆಲಸಕ್ಕೆ ಈಗ ಖಾಯಂ ಹುದ್ದೆ ಕರೆದಿದ್ದರು. ಅವಳ ಜೊತೆಗೇ ದುಡಿಯುವ ನಾದಿನಿ, “ನಿಮಗಲ್ಲದೆ ಇನ್ಯಾರಿಗೆ ಕೊಡ್ತಾರೆ ಅತ್ತಿಗೆ?” ಎಂದು ಬೆಳಿಗ್ಗೆ ತಾನೇ ತಲೆ ಬಾಚಿ ಕಳಿಸಿದ್ದಳು.

ಅವಳ ಸರದಿ ಬಂದಾಗ ಒಳಗೆ ಮೂವರಿದ್ದರು: ಅಧಿಕಾರಿ, ಡಾಕ್ಟರು, ಒಬ್ಬ ಗುಮಾಸ್ತ. ಅಧಿಕಾರಿ ಕೂರು ಎನ್ನಲಿಲ್ಲ. ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಒತ್ತಿದರು. ಎದೆಯೊಳಗೆ ತೂತುಬಿದ್ದ ಕುಲುಮೆಯ ತಿದಿ ಒತ್ತಿದಂತೆ ಸುಯ್ ಎಂದಿತು.

“ಉಬ್ಬಸ. ಅನ್‌ಫಿಟ್.”

“ಇಲ್ಲಿಗೆ ಸೇರಿದ ಮೇಲೇ ಹತ್ತಿಕೊಂಡಿದ್ದು ಸಾರ್. ಆ ಇಲಿ ಕೂದ್ಲು, ಉಚ್ಚೆ ಕುಡಿದ ಹೊಟ್ಟಿನ ಧೂಳು... ಮೂಗಿಗೆ ಕಟ್ಕೊಳ್ಳೋಕೆ ಒಂದು ಬಟ್ಟೆನೂ ಕೊಡ್ಲಿಲ್ಲ ನೀವು.”

“ಅದಕ್ಕೆ ಸಾಕ್ಷಿ ಯಾರಮ್ಮ? ಇಲಿಗಳನ್ನ ಕರೆಸ್ಲಾ?” ಎಂದ ಅಧಿಕಾರಿ. ಮೂವರೂ ನಕ್ಕರು.

“ಹಾಗಾದ್ರೆ ನಾನಿನ್ನು ಕೆಲ್ಸಕ್ಕೆ ಬರೋ ಹಾಗಿಲ್ವಾ?”

“ಛೇ, ಬಾ. ಗುತ್ತಿಗೆಗೆ ಫಿಟ್‌ನೆಸ್ ಯಾರು ಕೇಳ್ತಾರೆ? ಈಗ್ಲೇ ಹೋಗು, ಪಂಜರ ನಾರ್ತಾ ಇದ್ಯಂತೆ.”

ಹೋದಳು. ಅವಳ ಮುಖ ನೋಡಿಯೇ ನಾದಿನಿಗೆ ಎಲ್ಲ ತಿಳಿಯಿತು. “ಹಾಳಾಗಿ ಹೋಗ್ಲಿ ಬೋಳಿಮಕ್ಳು!” ಎಂದು ಪಂಜರದ ತಟ್ಟೆ ಕೆರೆಯುತ್ತಾ ಕೆಮ್ಮಿದಳು. ಒಣಕೆಮ್ಮು. ಅದರ ಬಾಲದಲ್ಲಿ ಸಣ್ಣಗೆ ಸುಯ್.

ಇಲಿಯಕ್ಕನ ಕೈ ನಿಂತಿತು. “ಯಾವಾಗಿಂದ್ಲೇ ಇದು?”

“ಬಿಡಿ ಅತ್ತಿಗೆ, ಚಳಿಗೆ.”

ಇಲಿಯಕ್ಕ ಕೊಳಕು ಹೊಟ್ಟು ತುಂಬಿದ ಡ್ರಮ್ಮನ್ನು ದರದರ ಎಳೆದುಕೊಂಡು ಆಫೀಸಿನ ಕಡೆ ಹೊರಟಳು. ಮೂವರೂ ಚಹಾ ಕುಡಿಯುತ್ತಾ ಕೂತಿದ್ದರು. ಅವರಿಗೆ ಏನೆಂದು ತಿಳಿಯುವ ಮೊದಲೇ ಡ್ರಮ್ಮನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಬೋರಲು ಹಾಕಿದಳು. ತಿರುಗಿ ಬಾಗಿಲ ಚಿಲಕ ಜಡಿದು ಅದಕ್ಕೇ ಬೆನ್ನು ಕೊಟ್ಟು ನಿಂತಳು.

ಎಸಿ ಗಾಳಿಗೆ ಧೂಳು ಕೋಣೆಯ ತುಂಬ ಎದ್ದಿತು. ಅಧಿಕಾರಿ ಕೆಮ್ಮುತ್ತಾ ಮೇಲೆ ಬಿದ್ದು ಬಂದ. “ಹುಚ್ಚುಮುಂಡೆ! ತೆಗಿಯೇ ಬಾಗಿಲು!”

“ಕೂತ್ಕೊಳ್ರೀ. ನಾವು ದಿನಾ ಕುಡಿಯೋ ಗಾಳಿ. ನೀವೂ ಒಂಚೂರು ಕುಡೀರಿ.”

ಹೊರಗಿನಿಂದ ಮೇಸ್ತ್ರಿ ಗುದ್ದತೊಡಗಿದ. ಪ್ರತಿ ಗುದ್ದಿಗೂ ಅವಳ ಬೆನ್ನು ಅದುರುತ್ತಿತ್ತು. ಎಳೆದ ಉಸಿರು ಅರ್ಧಕ್ಕೇ ಸಿಕ್ಕಿಕೊಂಡು ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಬಾಗಿಲಿಗೆ ಒರಗಿದಂತೆಯೇ ಕುಸಿಯುತ್ತಿದ್ದಳು. ಚಿಲಕದ ಮೇಲಿನ ಕೈ ಮಾತ್ರ ಬಿಗಿಯಾಗಿಯೇ ಇತ್ತು.