ಮಹಾನಂದ ಪಾಸು ಮಾಡಿದ ಸಹಿ

"ಇದು ನಮ್ಮನೆಯವ್ರ ಸಹಿ ಅಲ್ಲಮ್ಮ," ಎಂದರು ಗೋದಾ, ಕಂಪ್ಯೂಟರಿನತ್ತ ಬಾಗಿ. "ಅವ್ರಿಗೆ ಲಕ್ವ ಹೊಡೆದು ಬಲಗೈ ಬಿದ್ದೋಗಿ ಎರಡು ವರ್ಷ ಆಯ್ತು. ನೀವೇ ಬಂದಿದ್ರಲ್ಲ ಮನೆಗೆ, ಪೆನ್ಷನ್ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಹಾಕಿಸ್ಕೊಳ್ಳೋಕೆ."

ಮಹಾನಂದ ಸ್ಕ್ರೀನಿನತ್ತ ನೋಡಿದಳು. ಗೋದಾ ಅವರ ಗಂಡ ವೆಂಕಟಾಚಲ ಮೇಷ್ಟ್ರ ಖಾತೆಯಿಂದ ಕಳೆದ ಗುರುವಾರ ಒಂದು ಲಕ್ಷ ಎಂಬತ್ತು ಸಾವಿರದ ಚೆಕ್ಕು ಪಾಸಾಗಿತ್ತು. ಕೆಳಗೆ ಗುಂಡು ಗುಂಡಾದ, ಒಂದಿಷ್ಟೂ ನಡುಗದ ಸಹಿ. ಪಾಸು ಮಾಡಿದವರ ಹೆಸರಿನ ಜಾಗದಲ್ಲಿ ಅವಳದೇ ಹೆಸರಿತ್ತು. ಮತ್ತೊಮ್ಮೆ ಓದಿದಳು. ಅದೇ ಹೆಸರು.

ಚಾಮರಾಜಪೇಟೆಯ ಆ ಬ್ಯಾಂಕ್ ಶಾಖೆಗೆ ಅವಳು ಬಂದು ಹತ್ತೊಂಬತ್ತು ವರ್ಷ. ಬೆಳಿಗ್ಗೆ ಲಾಕರು, ಮಧ್ಯಾಹ್ನ ಒಡವೆ ಸಾಲ, ಸಂಜೆ ಮಾರ್ಕೆಟ್ಟಿನ ಹೂವಿನವರ ನಡುವೆ ಕೂತು ಅರ್ಜಿ ತುಂಬಿಸುವುದು. ಕಾಲು ಸೋತುಹೋಗುತ್ತಿತ್ತು, ಆದರೂ ಮನೆಗೆ ಹೋದ ಮೇಲೆ ಅವಳ ಬಾಯಲ್ಲಿ ಬ್ಯಾಂಕಿನದೇ ಮಾತು. ಹೋದ ವರ್ಷ ಕೆಲಸದ ಹಂಚಿಕೆ ಬದಲಾಗಿ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಎಡಕ್ಕೆ ಚೆಕ್ಕಿನ ಸಹಿ, ಬಲಕ್ಕೆ ಹಳೆಯ ಮಾದರಿ ಸಹಿ. ಹೋಲಿಸಿ ಒಂದು ಗುಂಡಿ ಒತ್ತಬೇಕು. ದಿನಕ್ಕೆ ನಾನೂರು. ಮೊದಮೊದಲು ಹೆಸರುಗಳನ್ನು ಓದುತ್ತಿದ್ದಳು. ಯಾವಾಗ ಬಿಟ್ಟಳೋ ಅವಳಿಗೇ ಗೊತ್ತಾಗಿರಲಿಲ್ಲ.

ಮ್ಯಾನೇಜರ್ ನಾಗಭೂಷಣ್ ಬಂದು ನೋಡಿದರು. "ಮಾದರಿಗೆ ಮ್ಯಾಚ್ ಆಗ್ತಿದೆ ಮೇಡಂ. ಯಾರೋ ಚೆನ್ನಾಗೇ ಫೋರ್ಜರಿ ಮಾಡಿದಾರೆ. ನಿಮ್ಮ ತಪ್ಪೇನಿಲ್ಲ."

"ಅವ್ರು ನಂಗೆ ಗೊತ್ತು ಸರ್. ಆ ಹೆಬ್ಬೆಟ್ಟನ್ನ ನಾನೇ ಹಿಡಿದು ಒತ್ತಿಸಿದ್ದೆ."

"ಅದೆಲ್ಲ ಸ್ಕ್ರೀನ್ ಮೇಲೆ ಕಾಣುತ್ತಾ?"

"ಹೆಸರು ಕಾಣುತ್ತೆ."

ಗೋದಾ ಅವರ ದೂರಿನ ಜೊತೆ ಕೊಡಬೇಕಾದ ವಿವರಣೆಯಲ್ಲಿ ಅವಳು ಬರೆದಳು: ಖಾತೆದಾರರ ಸ್ಥಿತಿ ನನಗೆ ತಿಳಿದಿತ್ತು, ಹೆಸರು ನೋಡದೆ ಪಾಸು ಮಾಡಿದೆ. ನಾಗಭೂಷಣ್ ಹಾಳೆ ಓದಿ ದನಿ ತಗ್ಗಿಸಿದರು. "ಇದನ್ನ ಬರೆದ್ರೆ ಇನ್‌ಕ್ವೈರಿ ನಿಮ್ಮ ಮೇಲೇ ಬರುತ್ತೆ. ಮ್ಯಾಚ್ ಆಗಿತ್ತು ಅಂತಷ್ಟೇ ಬರೀರಿ."

"ಹತ್ತೊಂಬತ್ತು ವರ್ಷ ಆಯ್ತು ಸರ್," ಎಂದಳು. ಹಾಳೆಯನ್ನು ವಾಪಸ್ ತೆಗೆದುಕೊಂಡು ಸಹಿ ಹಾಕಿ, ಅವರ ಕೈಗೇ ಕೊಟ್ಟಳು.

ಅರ್ಧ ದಿನ ರಜೆ ಬರೆದು ಗೋದಾ ಜೊತೆ ಆಟೋ ಹತ್ತಿದಳು. ಹನುಮಂತನಗರದ ಮನೆ ಮುಂದೆ ಆಟೋ ನಿಂತಿತು. ಇಳಿಯುವಾಗ ಗೋದಾ, "ಅವ್ರಿಗಿನ್ನೂ ಹೇಳಿಲ್ಲ," ಎಂದರು.

"ನಾನು ಹೇಳ್ತೀನಿ."

ಮೇಷ್ಟ್ರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅವಳನ್ನು ಕಂಡು ಮುಖದ ಒಂದು ಪಕ್ಕ ಅರಳಿತು. "ಬ್ಯಾಂಕಿನ ಮಹಾನಂದ ಅಲ್ವಾ," ಎಂದರು ತೊದಲುತ್ತ. "ಬರೋದೇ ಬಿಟ್ಬಿಟ್ರಲ್ಲ ನೀವು."

ಅವಳು ಬಾಗಿಲಲ್ಲೇ ನಿಂತಳು. ಮೇಷ್ಟ್ರು ಪಕ್ಕಕ್ಕೆ ವಾಲಿ, ಕುರ್ಚಿಯ ಮೇಲೆ ರಾಶಿ ಬಿದ್ದಿದ್ದ ಒಗೆದ ಬಟ್ಟೆಗಳನ್ನು ಎಡಗೈಯಿಂದ ಒಂದೊಂದಾಗಿ ಎತ್ತಿ ಮಂಚದ ಮೇಲೆ ಇಡತೊಡಗಿದರು, ಅವಳಿಗೆ ಕೂರಲು ಜಾಗವಾಗಲಿ ಎಂದು.